ಪುಟ ನಲವತ್ತೇಳರ ಅಂಚು

ಕಾನೂನು ಕಾಲೇಜಿನ ಅಧ್ಯಾಪಕ ಮಂಡಳಿ ತನ್ನ ಇತಿಹಾಸದಲ್ಲಿ ಮೂರು ಸಲ ತುರ್ತು ಸಭೆ ಸೇರಿದೆ. ಯುದ್ಧ ಶುರುವಾದಾಗ ಒಮ್ಮೆ, ಗ್ರಂಥಾಲಯಕ್ಕೆ ಬೆಂಕಿ ಬಿದ್ದಾಗ ಒಮ್ಮೆ, ಸಂವಿಧಾನ ಕಲಿಸುವ ಪ್ರೊಫೆಸರರು ಉತ್ತರಪತ್ರಿಕೆಗಳನ್ನು ಪೆನ್ಸಿಲಿನಲ್ಲಿ ತಿದ್ದುತ್ತಿದ್ದಾರೆಂದು ಬಯಲಾದಾಗ ಒಮ್ಮೆ. ಯುದ್ಧವನ್ನು ಮಂಡಳಿ ಇಪ್ಪತ್ತು ನಿಮಿಷದಲ್ಲಿ ಖಂಡಿಸಿ ಮುಗಿಸಿತು. ಬೆಂಕಿಗೆ ಒಂದು ಗಂಟೆ ಹಿಡಿಯಿತು. ಪೆನ್ಸಿಲು ಮಾತ್ರ ಎರಡು ಮಧ್ಯಾಹ್ನಗಳನ್ನು ನುಂಗಿ, ಪ್ರಾಂಶುಪಾಲರ ರಕ್ತದೊತ್ತಡ ಏರಿಸಿ, ಕೊನೆಗೆ ಒಂದು ಉಪಸಮಿತಿಯ ಹೆಗಲೇರಿತು. ಆ ಉಪಸಮಿತಿ ಇವತ್ತಿಗೂ ವರದಿ ಕೊಟ್ಟಿಲ್ಲ.

ಪ್ರೊಫೆಸರರ ವಾದ ಸರಳವಾಗಿತ್ತು, ಅಂದರೆ ಹನ್ನೊಂದು ಪುಟವಿತ್ತು. ತೀರ್ಪು ಯಾವತ್ತೂ ತಿದ್ದುಪಡಿಗೆ ತೆರೆದಿರಬೇಕು. ಶಾಯಿಯಲ್ಲಿ ಬರೆದವನು ಮಾತು ಮುಗಿಸಿ, ಬಾಗಿಲು ಹಾಕಿಕೊಂಡು ಒಳಗೆ ಹೋದವನು. ಪೆನ್ಸಿಲಿನಲ್ಲಿ ಬರೆದವನು ಬಾಗಿಲು ಓರೆ ಮಾಡಿಕೊಂಡು ನಿಂತಿರುತ್ತಾನೆ. ವಿದ್ಯಾರ್ಥಿ ಬಂದು ಜಗಳವಾಡಬಹುದು. ತನ್ನದೇ ಸರಿ ಎಂದು ತೋರಿಸಿಕೊಟ್ಟರೆ ಗುರುವಿನ ಷರಾವನ್ನು ತನ್ನ ಕೈಯಾರೆ ಅಳಿಸಿಕೊಂಡು ಹೋಗಬಹುದು. ಮೂವತ್ತೊಂದು ವರ್ಷಗಳಲ್ಲಿ ಹಾಗೆ ಅಳಿಸಿದವರು ನಾಲ್ಕು ಮಂದಿ. ಅವರಲ್ಲೊಬ್ಬ ಮುಂದೆ ಮಂತ್ರಿಯಾದ. ಇನ್ನೊಬ್ಬಳು ವಕೀಲೆಯಾಗಿ, ಅದೇ ಊರಿನ ನ್ಯಾಯಾಲಯದ ಮೆಟ್ಟಿಲು ಸವೆಸುತ್ತಿದ್ದಳು.

ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು ‘ಅಡಿಟಿಪ್ಪಣಿ’. ಅವರು ಏನು ಹೇಳಿದರೂ ಅದರ ಕಾಲಬುಡದಲ್ಲಿ ಇನ್ನೊಂದು ಮಾತು ಇದ್ದೇ ಇರುತ್ತಿತ್ತು. ಮನೆಯಲ್ಲಿ ಚಹಾಕ್ಕೆ ಸಕ್ಕರೆ ಸಾಕೇ ಎಂದರೆ, ಸಾಕು, ಆದರೆ ಸಾಕು ಎನ್ನುವುದನ್ನು ಯಾವ ಅರ್ಥದಲ್ಲಿ ಎಂದು ಶುರುವಾಗುವಷ್ಟರಲ್ಲಿ ಹೆಂಡತಿ ಅಡುಗೆಮನೆ ಸೇರಿರುತ್ತಿದ್ದರು. ಆಕೆ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕದ ಟೀಚರು. ಎರಡಕ್ಕೆ ಎರಡು ಕೂಡಿದರೆ ನಾಲ್ಕು ಎನ್ನುವುದಕ್ಕೆ ಅಡಿಟಿಪ್ಪಣಿ ಬೇಡದ ವೃತ್ತಿ.

ದರ್ಜಿ ಅಕ್ಕ ಪ್ರೊಫೆಸರರ ಬದುಕಿನೊಳಗೆ ಬಂದದ್ದು ಅಳತೆಪಟ್ಟಿಯ ಸಮೇತ. ಅಣಕು ನ್ಯಾಯಾಲಯದ ಸ್ಪರ್ಧೆಗೆ ಹದಿನಾಲ್ಕು ಕಪ್ಪು ಗೌನು ಹೊಲಿಸಬೇಕಿತ್ತು. ಆಕೆ ಕೊರಳಿಗೆ ಪಟ್ಟಿ ಇಳಿಬಿಟ್ಟುಕೊಂಡು, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ಬಂದಳು.

“ಸಾರ್, ತೋಳು ಇಷ್ಟು ಅಗಲ ಯಾಕೆ? ಒಳಗೆ ಏನಾದ್ರೂ ಬಚ್ಚಿಟ್ಕೊಳ್ತಾರಾ?”

“ಅದು ಸಂಪ್ರದಾಯ ಅಮ್ಮಾ.”

“ಸರಿ ಬಿಡಿ. ಬಟ್ಟೆ ದಂಡ ಮಾಡೋಕೆ ದೊಡ್ಡೋರು ಇಟ್ಕೊಂಡಿರೋ ಹೆಸರು.” ಸೂಜಿ ತೆಗೆದು ಮುಂಗೈ ಪಟ್ಟಿಗೆ ಚುಚ್ಚಿಕೊಂಡು, ಆಕೆ ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದಳು. “ಇದನ್ನ ಸ್ವಲ್ಪ ಓದಿ ಹೇಳ್ತೀರಾ? ಓದೋಕೆ ಬರುತ್ತೆ, ಅರ್ಥ ಆಗಲ್ಲ.”

ಅದು ತೆರವಿನ ನೋಟಿಸು. ಮುಚ್ಚಿಹೋದ ನೂಲಿನ ಗಿರಣಿಯ ಹಿಂದೆ ಮೂವತ್ತೆಂಟು ಮನೆಗಳ ಒಂದು ಸಾಲು, ಅದರಲ್ಲೊಂದು ಆಕೆಯದು. ಗಿರಣಿ ಸತ್ತಿದ್ದರೂ ಗಿರಣಿಯವರು ಸತ್ತಿರಲಿಲ್ಲ. ಅವರೂ ಅವರ ಮಕ್ಕಳೂ ಅಲ್ಲೇ ಇದ್ದರು. ನೋಟಿಸನ್ನು ಕಾನೂನುಬದ್ಧವಾಗಿಯೇ ಅಂಟಿಸಲಾಗಿತ್ತು, ಬೀಗ ಹಾಕಿದ ಗಿರಣಿ ಗೇಟಿನ ಒಳಮಗ್ಗುಲಿಗೆ. ಓದಬೇಕೆಂದರೆ ಗೋಡೆ ಹಾರಬೇಕು. ಹಾರಿದರೆ ಅತಿಕ್ರಮ ಪ್ರವೇಶ. ದರ್ಜಿ ಅಕ್ಕ ಹಾರಿ, ಕಿತ್ತುಕೊಂಡು ಬಂದಿದ್ದಳು.

ಪ್ರೊಫೆಸರರಿಗೆ ಬಹಳ ವರ್ಷಗಳಿಂದ ಇಂಥದೊಂದು ಉದಾಹರಣೆ ಬೇಕಿತ್ತು. ಪಾಠದಲ್ಲಿ ಅವರು ಕಟ್ಟಿಕೊಂಡಿದ್ದ ಕಾಲ್ಪನಿಕ ಅನ್ಯಾಯಗಳು ಯಾವುವೂ ಇಷ್ಟು ಅಚ್ಚುಕಟ್ಟಾಗಿರಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು, ವಾದಿಸಿದರು, ಗೆದ್ದರು. ಅಹವಾಲು ಕೇಳದೆ ಯಾರನ್ನೂ ಎಬ್ಬಿಸುವಂತಿಲ್ಲ, ನೋಟಿಸು ಮನೆಮನೆಗೆ ತಲುಪಬೇಕು ಎಂದು ಆದೇಶವಾಯಿತು. ಅಲ್ಲಿಂದ ಹದಿನೈದು ವರ್ಷ ಅವರ ಭಾನುವಾರಗಳು ದರ್ಜಿ ಅಕ್ಕನ ಮುಂದಿನ ಕೋಣೆಯಲ್ಲಿ ಕಳೆದವು. ಒಂದು ಗೋಡೆಗೆ ಹೊಲಿಗೆ ಯಂತ್ರ, ಇನ್ನೊಂದು ಗೋಡೆಗೆ ಇಸ್ತ್ರಿ ಮೇಜು, ನಡುವೆ ಸಾಲುಮನೆ ಸಂಘದ ಸಭೆ. ಕುರ್ಚಿ ಒಂದೇ, ಅದು ಮೇಷ್ಟ್ರಿಗೆ. ನೀರಿನ ಕೊಳವೆ, ಬೀದಿದೀಪ, ಚರಂಡಿ, ಮತದಾರರ ಪಟ್ಟಿ. ಸಾಲು ಒಂದೊಂದನ್ನೇ ಹಲ್ಲು ಕಚ್ಚಿ ಗೆದ್ದುಕೊಂಡಿತು. ಮೆರವಣಿಗೆಗಳಲ್ಲಿ ಪ್ರೊಫೆಸರರು ಮುಂದಿನ ಸಾಲಿನಲ್ಲೇ ಇರುತ್ತಿದ್ದರು, ಆದರೆ ಅವರಿಗೆ ಫಲಕ ಬರೆಯಲು ಬಿಟ್ಟದ್ದು ಒಂದೇ ಸಲ. ‘ಸೂಕ್ತ ಪುನರ್ವಸತಿ ಕಲ್ಪಿಸದ ಹೊರತು, ತುರ್ತು ಸಾರ್ವಜನಿಕ ಅಗತ್ಯದ ಸಂದರ್ಭಗಳನ್ನು ಬಿಟ್ಟು, ತೆರವು ಸಲ್ಲದು’ ಎಂದು ಬರೆದುಕೊಂಡು ಬಂದಿದ್ದರು.

“ಮೇಷ್ಟ್ರೇ,” ಎಂದಳು ದರ್ಜಿ ಅಕ್ಕ, “ಇದು ಘೋಷಣೆನೋ, ಬಾಣಂತಿಗೆ ಪಥ್ಯದ ಚೀಟಿನೋ? ಇದನ್ನ ಕೂಗಿ ಮುಗಿಸೋ ಹೊತ್ತಿಗೆ ಪೊಲೀಸರು ಊಟ ಮುಗಿಸಿ ಬಂದಿರ್ತಾರೆ.” ಆಕೆ ಫಲಕ ತಿರುಗಿಸಿ, ಬೆನ್ನಿಗೆ ‘ನಾವು ಏಳಲ್ಲ’ ಎಂದು ಸೀಮೆಸುಣ್ಣದಲ್ಲಿ ಗೀಚಿದಳು. ಮರುದಿನ ಪತ್ರಿಕೆಯಲ್ಲಿ ಬಂದದ್ದು ಬೆನ್ನಿನ ಚಿತ್ರವೇ.

ಪ್ರೊಫೆಸರರು ನಿವೃತ್ತರಾದ ವರ್ಷ, ತನ್ನ ಷರಾ ಅಳಿಸಿಕೊಂಡಿದ್ದ ಹಳೆಯ ಶಿಷ್ಯ ಮಂತ್ರಿಯಾದ. ಅವನು ಗುರುಗಳ ಮನೆಗೆ ತಾನೇ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಸರ್ಕಾರಕ್ಕೆ ಕಾನೂನು ಸಲಹೆಗಾರರಾಗಬೇಕೆಂದು ಕೇಳಿಕೊಂಡ. “ಹೊರಗೆ ನಿಂತು ಇಷ್ಟು ಕಾಲ ಬಾಗಿಲು ಬಡಿದ್ರಿ ಸಾರ್. ಈಗ ಬಾಗಿಲು ನಾವೇ ತೆಗೀತಿದೀವಿ. ಒಳಗೆ ಬನ್ನಿ.”

ಅವನು ಹೋದ ಮೇಲೆ ಹೆಂಡತಿ ಕಪ್ಪು ಎತ್ತುತ್ತ, “ಹೋಗ್ತೀರಾ?” ಎಂದರು.

“ಒಳಗಿದ್ದು ಒಂದು ಮಾತು ಬರೆಯೋದು, ಹೊರಗೆ ಹತ್ತು ವರ್ಷ ಕೂಗೋದಕ್ಕೆ ಸಮ ಕಣೇ.”

“ಬರೆದ್ರೆ ಸಮ. ನೀವು ಬರೆಯೋದನ್ನ ನಾನು ನೋಡಿದೀನಲ್ಲ. ನಮ್ಮ ಶಾಲೇಲಿ ಒಂದನೇ ಕ್ಲಾಸಿಗೆ ಪೆನ್ಸಿಲ್, ಐದನೇ ಕ್ಲಾಸಿಗೆ ಪೆನ್ನು. ನಿಮಗೆ ಅರವತ್ತೊಂದು ತುಂಬಿತು ರೀ.”

ಪ್ರೊಫೆಸರರು ನಕ್ಕರು. ಹೆಂಡತಿಯ ಮಾತಿಗೆ ನಕ್ಕುಬಿಟ್ಟರೆ ಅದಕ್ಕೆ ಉತ್ತರ ಕೊಟ್ಟಂತಾಯಿತು ಎಂದು ಅವರೂ ಎಲ್ಲ ಗಂಡಂದಿರಂತೆ ನಂಬಿದ್ದರು.

ಕಚೇರಿ ನಾಲ್ಕನೆಯ ಮಹಡಿಯಲ್ಲಿತ್ತು. ಕಿಟಕಿ ತೆರೆದರೆ ಎರಡು ಮಾರು ದೂರದಲ್ಲಿ ಇನ್ನೊಂದು ಇಲಾಖೆಯ ಗೋಡೆ, ಅದರ ಮೇಲೆ ತುಕ್ಕಿನ ಗೆರೆ. ಮೇಜಿನ ಎಡಕ್ಕೆ ಬರುವ ಫೈಲು, ಬಲಕ್ಕೆ ಹೋಗುವ ಫೈಲು. ಹೊರಗಿನ ದೊಡ್ಡ ಕೋಣೆಯಲ್ಲಿ ಹಿರಿಯ ಗುಮಾಸ್ತರು ಇದ್ದರು. ಏಳು ಸಲಹೆಗಾರರನ್ನು ಕಂಡವರು, ಯಾರನ್ನೂ ಬೈಯದವರು. ಫೈಲುಗಳು ಪ್ರೊಫೆಸರರಿಂದ ಅವರ ಮೇಜಿಗೆ ಇಳಿದು, ಅಲ್ಲಿ ದಾರ ಬಿಗಿಸಿಕೊಂಡು, ಮಂತ್ರಿಯವರಿಗೆ ಏರುತ್ತಿದ್ದವು. ಪ್ರತಿ ಫೈಲಿನ ಕೊನೆಯಲ್ಲಿ ‘ಕಾನೂನು ಸಲಹೆಗಾರರು ಕಂಡಿದ್ದಾರೆ’ ಎಂಬ ಮುದ್ರೆ. ಅದರ ಕೆಳಗೆ ಸಹಿ ಶಾಯಿಯಲ್ಲಿ ಬೇಕು ಎಂದು ಗುಮಾಸ್ತರು ಮೊದಲ ದಿನವೇ ಪೆನ್ನು ಕೊಟ್ಟು ಹೇಳಿದ್ದರು. ಪ್ರೊಫೆಸರರು ಸಹಿಯನ್ನು ಶಾಯಿಯಲ್ಲೇ ಹಾಕಿದರು. ಅಭಿಪ್ರಾಯವನ್ನು ಮಾತ್ರ, ಮೂವತ್ತೊಂದು ವರ್ಷದ ಕೈ ಹೇಳಿದಂತೆ, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದರು. ಮಂತ್ರಿಗೆ ಒಪ್ಪಿಗೆಯಾಗದಿದ್ದರೆ ಬಂದು ಜಗಳವಾಡಲಿ. ಹಳೆಯ ಶಿಷ್ಯ, ಅಭ್ಯಾಸವಿದೆ.

ಯಾರೂ ಜಗಳಕ್ಕೆ ಬರಲಿಲ್ಲ. ಎಂಟು ತಿಂಗಳು ಕಳೆಯುವಷ್ಟರಲ್ಲಿ ಮಂತ್ರಿ ಸಭೆಯೊಂದರಲ್ಲಿ, ಇಷ್ಟು ಸಲೀಸಾದ ಸಲಹೆಗಾರರು ಹಿಂದೆಂದೂ ಇರಲಿಲ್ಲ ಎಂದು ಹೊಗಳಿದ. ತಮ್ಮ ತರ್ಕ ಸರ್ಕಾರವನ್ನು ಒಳಗಿನಿಂದ ಬದಲಿಸುತ್ತಿದೆ ಎಂದು ಪ್ರೊಫೆಸರರು ಮನೆಗೆ ಬಂದು ಹೇಳಿದರು. ಹೆಂಡತಿ, “ಸಲೀಸು ಅಂತ ನಮ್ಮಲ್ಲಿ ಬಾಗಿಲಿಗೆ ಹೇಳೋದು,” ಎಂದರು.

ಒಂಬತ್ತನೆಯ ತಿಂಗಳು ಗಿರಣಿಯ ಫೈಲು ಬಂತು. ಜಾಗದಲ್ಲಿ ಸರಕು ಗೋದಾಮು ಬರಬೇಕು, ಹಿಂದಿನ ಸಾಲು ಹೋಗಬೇಕು. ಈ ಸಲ ನೋಟಿಸು ಮೂವತ್ತೆಂಟು ಬಾಗಿಲಿಗೂ ಬಂತು, ಪ್ರತಿಯೊಂದಕ್ಕೂ ಸಹಿ ಪಡೆಯಲಾಯಿತು. ಅದು ಪ್ರೊಫೆಸರರ ಹೋರಾಟದ ಫಲ. ಮೂವತ್ತು ದಿನದೊಳಗೆ ನ್ಯಾಯಮಂಡಳಿಗೆ ತಕರಾರು ಸಲ್ಲಿಸಬೇಕು, ತಡವಾಗಿ ಬಂದದ್ದನ್ನು ಪರಿಗಣಿಸುವುದಿಲ್ಲ ಎಂದೂ ಅದರಲ್ಲಿ ದಪ್ಪಕ್ಷರದಲ್ಲಿತ್ತು. ದರ್ಜಿ ಅಕ್ಕ ಆ ದಿನವೇ ಕಚೇರಿಗೆ ಫೋನು ಮಾಡಿದಳು.

“ಮೇಷ್ಟ್ರೇ, ಕಾಗದ ಬಂತು. ನಿಮ್ಮ ಶಿಷ್ಯೆ ವಕೀಲಮ್ಮ ತಕರಾರು ಬರೆದು ಇಟ್ಟಿದಾಳೆ, ಸೋಮವಾರ ಹಾಕ್ತೀವಿ.”

“ಸ್ವಲ್ಪ ತಡೀರಿ ಅಕ್ಕಾ. ಫೈಲು ನನ್ನ ಮೇಜಿನ ಮೇಲೇ ಇದೆ. ಒಳಗಿಂದಾನೇ ಆಕ್ಷೇಪ ಬಿದ್ರೆ ಯೋಜನೆ ಅಲ್ಲೇ ನಿಲ್ಲುತ್ತೆ. ಈಗ ನೀವು ಹೊರಗಿಂದ ಹೋದ್ರೆ, ಇವರಿಬ್ಬರೂ ಸೇರಿ ಆಡ್ತಿರೋ ಆಟ ಅಂತ ನನ್ನ ಮಾತಿನ ತೂಕ ಹೋಗುತ್ತೆ.”

“ಬರೆದಾಯ್ತಾ, ಬರೀತಿದೀರಾ?”

“ಬರೆದಾಯ್ತು ಅಂದ್ಕೊಳ್ಳಿ.”

“ನಮ್ಮ ಕಸುಬಲ್ಲಿ ಅಂದ್ಕೊಳ್ಳೋದು ಇಲ್ಲ ಮೇಷ್ಟ್ರೇ. ಗುಂಡಿ ಹಚ್ಚಿದ್ರೆ ಹಚ್ಚಿದ ಹಾಗೆ, ಇಲ್ಲ ಅಂದ್ರೆ ಅಂಗಿ ಬಾಯ್ತೆರಕೊಂಡಿರುತ್ತೆ.”

ಪ್ರೊಫೆಸರರು ಫೋನನ್ನು ಭುಜಕ್ಕೆ ಒತ್ತಿಕೊಂಡು, ನಲವತ್ತೇಳನೆಯ ಪುಟದ ಅಂಚಿನಲ್ಲಿ ಬರೆಯತೊಡಗಿದರು. ಅಹವಾಲು ಕೇಳದೆ ತೆರವು ಸಲ್ಲದು. ಬದಲಿ ಮನೆ ಸಿದ್ಧವಾಗುವವರೆಗೆ ಯಾರನ್ನೂ ಎಬ್ಬಿಸಬಾರದು. ಹಿಂದಿನ ಆದೇಶ ಇನ್ನೂ ಜಾರಿಯಲ್ಲಿದೆ. ಒಂದೇ ಒಂದು ‘ಆದರೆ’ ಇಲ್ಲದ ಅರ್ಧ ಪುಟ. ಬದುಕಿನಲ್ಲಿ ಅವರು ಬರೆದ ಅತಿ ನೇರವಾದ ಅರ್ಧ ಪುಟ ಅದೇ ಇದ್ದೀತು.

“ಬರೆದಾಯ್ತು,” ಎಂದರು. “ನೀವು ನಿಶ್ಚಿಂತೆಯಾಗಿರಿ.”

ಆಕೆ ನಿಶ್ಚಿಂತೆಯಾಗಿದ್ದಳು. ವಕೀಲೆ ಎರಡು ಸಲ ಬಂದು, ಹಾಕಿಬಿಡೋಣ ಅಕ್ಕಾ, ಹಾಕಿದರೆ ಏನು ಗಂಟು ಹೋಗುತ್ತೆ ಎಂದಳು. ಮೇಷ್ಟ್ರು ಬರೆದಿದ್ದಾರೆ ಎಂದು ದರ್ಜಿ ಅಕ್ಕ ಅವಳನ್ನು ಸುಮ್ಮನಾಗಿಸಿದಳು. ಸಾಲಿನವರು ಕೇಳಿದಾಗಲೂ ಅದೇ ಉತ್ತರ. ಮೂವತ್ತು ದಿನ ಕಳೆಯಿತು. ನಲವತ್ತನೆಯ ದಿನ ಅಂತಿಮ ಆದೇಶ ಬಂತು: ತಕರಾರುಗಳು ಬಂದಿಲ್ಲ, ಕಾನೂನು ಸಲಹೆಗಾರರ ಆಕ್ಷೇಪವಿಲ್ಲ, ತಿಂಗಳೊಳಗೆ ತೆರವು.

ಮರುದಿನ ಬೆಳಿಗ್ಗೆ ದರ್ಜಿ ಅಕ್ಕ ನಾಲ್ಕನೆಯ ಮಹಡಿಗೆ ಬಂದಳು. ಅಷ್ಟು ವರ್ಷದಲ್ಲಿ ಮೇಷ್ಟ್ರ ಎದುರು ಆಕೆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಆದೇಶವನ್ನು ಮೇಜಿನ ಮೇಲಿಟ್ಟು, ಸುಕ್ಕು ತೆಗೆಯುವವಳಂತೆ ಅಂಗೈಯಲ್ಲಿ ಸವರಿದಳು.

“ಇದರಲ್ಲಿ ಆಕ್ಷೇಪ ಇಲ್ಲ ಅಂತಿದೆ.”

“ತಪ್ಪು ಬಿದ್ದಿದೆ. ಈಗಲೇ ತೋರಿಸ್ತೀನಿ.” ಅವರು ಗಂಟೆ ಒತ್ತಿ ಗಿರಣಿಯ ಫೈಲು ತರಿಸಿದರು. ಹಿರಿಯ ಗುಮಾಸ್ತರೇ ಹೊತ್ತು ತಂದರು. ನಲವತ್ತೇಳನೆಯ ಪುಟ ತೆಗೆದರೆ ಅಂಚು ಬೆಳ್ಳಗಿತ್ತು. ಸ್ವಲ್ಪ ಹೆಚ್ಚೇ ಬೆಳ್ಳಗಿತ್ತು.

“ಇಲ್ಲಿ ನನ್ನ ಟಿಪ್ಪಣಿ ಇತ್ತಲ್ರೀ?”

“ಇತ್ತು ಸಾರ್. ಅಳಿಸಿದೆ.” ಗುಮಾಸ್ತರ ದನಿಯಲ್ಲಿ ತಪ್ಪಿನ ಅಳುಕಿರಲಿಲ್ಲ, ಅಚ್ಚುಕಟ್ಟಿತ್ತು. “ಪೆನ್ಸಿಲ್ ಅಂದ್ರೆ ಆಲೋಚನೆ ಸಾರ್, ಶಾಯಿ ಅಂದ್ರೆ ಅಭಿಪ್ರಾಯ. ಆಲೋಚನೇನ ಮೇಲಕ್ಕೆ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ. ಕೆಳಗಿನೋರು ಕರಡಿಗೆ ಪೆನ್ಸಿಲಲ್ಲಿ ಗುರುತು ಹಾಕ್ತಾರೆ, ಕಳಿಸೋಕೆ ಮುಂಚೆ ನಾನು ಅಳಿಸ್ತೀನಿ. ಇಪ್ಪತ್ತೆರಡು ವರ್ಷದಿಂದ.”

“ನನ್ನವೂ? ಎಲ್ಲ ಫೈಲಿಂದಾನೂ?”

“ಎಲ್ಲಾನೂ ಸಾರ್. ಇನ್ನೂರ ಹನ್ನೆರಡು.” ಸ್ವಲ್ಪ ತಡೆದು ಸೇರಿಸಿದರು, “ನೀವು ತುಂಬ ಒತ್ತಿ ಬರೀತೀರಿ. ಬೇಗ ಹೋಗಲ್ಲ.”

ಪ್ರೊಫೆಸರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂಬತ್ತು ತಿಂಗಳು ನೀರಿನಲ್ಲಿ ಹೋಮ ಮಾಡಿದ್ದರು, ಅದೂ ಮಂತ್ರ ತಪ್ಪದೆ. “ನೀವು ಓದಿದ್ರಲ್ಲಾ, ಏನು ಬರೆದಿದ್ದೆ ಅಂತ ನ್ಯಾಯಮಂಡಳಿಯಲ್ಲಿ ಹೇಳ್ತೀರಾ?”

“ಅಳಿಸಿದೆ ಅಂತ ಹೇಳ್ತೀನಿ ಸಾರ್, ಅದು ನಿಯಮ. ಏನಿತ್ತು ಅಂತ ಕೇಳಿದ್ರೆ, ನಾನು ಓದಲ್ಲ. ಓದಿ ಅಳಿಸೋದು ಅಧಿಕಪ್ರಸಂಗ ಆಗುತ್ತೆ.”

ಗುಮಾಸ್ತರು ಹೊರಗೆ ಹೋದರು. ಎದುರಿನ ಗೋಡೆಯ ಇಲಾಖೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು.

“ಬೈಯ್ರಿ ಅಕ್ಕಾ,” ಎಂದರು ಪ್ರೊಫೆಸರರು.

“ಬೈದ್ರೆ ಗೋಡೆ ನಿಲ್ಲುತ್ತಾ?” ಆಕೆ ಆದೇಶವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. “ಮೂವತ್ತೇಳು ಬಾಗಿಲಿಗೆ ಹೋಗಿ ‘ಮೇಷ್ಟ್ರು ಬರೆದಿದಾರೆ, ಸುಮ್ನಿರಿ’ ಅಂದವಳು ನಾನು. ನೀವಲ್ಲ. ಅವರು ನನ್ನ ಮುಖ ನೋಡ್ತಾರೆ. ಈಗ ನನಗೆ ಒಂದು ಕಾಗದ ಬೇಕು. ತಡ ಆಗಿದ್ದು ನಮ್ಮಿಂದಲ್ಲ, ನಿಮ್ಮ ಮಾತು ನಂಬಿದ್ದರಿಂದ ಅಂತ. ಒಂದೇ ಪುಟ. ಪೆನ್ನಲ್ಲಿ.”

ಅಂಥ ಕಾಗದ ಕೊಟ್ಟರೆ ಹುದ್ದೆ ಉಳಿಯದು ಎಂದು ಪ್ರೊಫೆಸರರಿಗೆ ಗೊತ್ತಿತ್ತು. ಅದು ಅವರಿಗೆ ಅಷ್ಟು ನೋಯಲಿಲ್ಲ. ನೊಂದದ್ದು ಬೇರೆ: ಸಂವಿಧಾನ ಕಲಿಸಿದವನು ತನ್ನ ಸಹಿಯ ಮೇಲೆ ಏನಿದೆ, ಏನಿಲ್ಲ ಎಂದು ಒಂಬತ್ತು ತಿಂಗಳು ನೋಡಲಿಲ್ಲವೆಂದು ಪ್ರಮಾಣ ಮಾಡಿ ಹೇಳಬೇಕಿತ್ತು. ಮೊದಲು ಮಂತ್ರಿಯ ಬಳಿ ಹೋದರು. ಮಂತ್ರಿ ಎದ್ದು ನಿಂತು ಬರಮಾಡಿಕೊಂಡ, ಪೂರ್ತಿ ಕೇಳಿದ, ನಿಜವಾಗಿ ಮರುಗಿದ.

“ಆ ಟಿಪ್ಪಣಿ ನನ್ನ ಕಣ್ಣಿಗೆ ಬಿದ್ದಿದ್ರೆ ಸಾರ್, ದೇವರಾಣೆ ನಿಲ್ಲಿಸ್ತಿದ್ದೆ. ಈಗ ಟೆಂಡರ್ ಆಗಿದೆ, ಸಂಪುಟಕ್ಕೂ ಹೋಗಿ ಬಂದಿದೆ. ಇನ್ನು ನನ್ನ ಕೈಲಿಲ್ಲ.” ಬಾಗಿಲವರೆಗೆ ಕಳಿಸಲು ಬಂದು, ದನಿ ತಗ್ಗಿಸಿ ಕೇಳಿದ, “ಮಿಕ್ಕ ಇನ್ನೂರ ಹನ್ನೊಂದರಲ್ಲೂ ಏನಾದ್ರೂ ಬರೆದಿದ್ರಾ?”

“ಬರೆದಿದ್ದೆ.”

“ಅಯ್ಯೋ,” ಎಂದ ಮಂತ್ರಿ, ಮತ್ತು ಬಾಗಿಲು ಮೆಲ್ಲಗೆ ಹಾಕಿಕೊಂಡ.

ಪ್ರೊಫೆಸರರು ಮನೆಗೆ ಬಂದು ಊಟದ ಮೇಜಿನ ಮೇಲೆ ಪ್ರಮಾಣಪತ್ರ ಬರೆದರು. ಮೊದಲ ಕರಡು ಒಂಬತ್ತು ಪುಟವಾಯಿತು. ಹೆಂಡತಿ ಓದಿ, ಹೋಂವರ್ಕಿಗೆ ಹಾಕುವಂತೆ ಕೆಂಪು ಪೆನ್ನಿನಲ್ಲಿ ಎಂಟು ಪುಟಗಳಿಗೆ ಅಡ್ಡಗೆರೆ ಎಳೆದರು. ಉಳಿದ ಪುಟವನ್ನು ಪ್ರೊಫೆಸರರು ಶಾಯಿಯಲ್ಲಿ ನಕಲು ಮಾಡಿದರು. ಜೊತೆಗೆ ರಾಜೀನಾಮೆಯನ್ನೂ ಬರೆದರು. ಅದು ಎರಡು ಸಾಲು.

ನ್ಯಾಯಮಂಡಳಿಯ ಕೋಣೆ ಚಿಕ್ಕದು. ಸಾಲಿನಿಂದ ಹದಿನಾರು ಮಂದಿ ಬಂದಿದ್ದರು, ಬೆಂಚು ಎರಡೇ ಇದ್ದದ್ದರಿಂದ ಗೋಡೆಗೆ ಒರಗಿ ನಿಂತಿದ್ದರು. ಪ್ರಶ್ನೆ ಒಂದೇ: ತಡವನ್ನು ಮನ್ನಿಸಿ ತಕರಾರು ಕೇಳಬೇಕೇ, ಬೇಡವೇ. ವಕೀಲೆ ತನ್ನ ಗುರುವಿನ ಪ್ರಮಾಣಪತ್ರ ಓದಿದಳು; ಓದುವಾಗ ತಲೆ ಎತ್ತಲಿಲ್ಲ. ಸರ್ಕಾರದ ವಕೀಲರು, ಗಂಟಲು ಕೆಟ್ಟಿದ್ದ ಹಿರಿಯರು, ಎದ್ದು ನಿಂತರು.

“ಸಹಿ ನಿಮ್ಮದೇ?”

“ನನ್ನದೇ.”

“ಆಕ್ಷೇಪ ಇದ್ರೆ ಶಾಯಿಯಲ್ಲಿ ಬರೀಬೇಕು ಅಂತ ಗೊತ್ತಿರಲಿಲ್ಲವಾ?”

“ಸಹಿಗೆ ಅಂತ ಗೊತ್ತಿತ್ತು. ಟಿಪ್ಪಣಿಗೂ ಅಂತ ಕೇಳಿ ತಿಳ್ಕೊಳ್ಳಲಿಲ್ಲ.”

“ಇವರಿಗೆ ತಕರಾರು ಹಾಕಬೇಡಿ ಅಂತ ಹೇಳಿದ್ದು ಯಾವ ಅಧಿಕಾರದಿಂದ? ಸಲಹೆಗಾರ ಅಂತಾನಾ?”

ಪ್ರೊಫೆಸರರು ಯೋಚಿಸಿದರು. ಹೌದು ಎಂದಿದ್ದರೆ, ಸರ್ಕಾರವೇ ಭರವಸೆ ಕೊಟ್ಟಂತಾಗಿ ಅರ್ಜಿಗೆ ನಿಲ್ಲಲು ಒಂದು ಕಾಲಾದರೂ ಸಿಗುತ್ತಿತ್ತು. ವಕೀಲೆಯ ಕೈ ಕಾಗದದ ಮೇಲೆ ನಿಂತಿತು. ದರ್ಜಿ ಅಕ್ಕ ಗೋಡೆಯಿಂದ ಬೆನ್ನು ತೆಗೆದಳು. ಆದರೆ ಸರ್ಕಾರದ ಪರವಾಗಿ ಮಾತು ಕೊಡುವ ಅಧಿಕಾರ ಸಲಹೆಗಾರನಿಗಿಲ್ಲ. ಅದನ್ನು ಅವರು ಮೂವತ್ತೊಂದು ವರ್ಷ ಕಲಿಸಿದ್ದರು.

“ಅಲ್ಲ,” ಎಂದರು. “ಅವರ ಮೇಷ್ಟ್ರು ಅಂತ ಹೇಳಿದೆ.”

“ಅಂಥ ಅಧಿಕಾರ ನಮ್ಮ ನಿಯಮಗಳಲ್ಲಿ ಇಲ್ಲವಲ್ಲ,” ಎಂದರು ಅಧ್ಯಕ್ಷರು. ವ್ಯಂಗ್ಯವಾಗಿ ಅಲ್ಲ; ಹುಡುಕಿ ನೋಡಿ ಸಿಗದವರಂತೆ. ಅವರು ಮೂಲ ಫೈಲನ್ನು ತರಿಸಿಕೊಂಡು, ನಲವತ್ತೇಳನೆಯ ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. “ಒತ್ತಿದ ಗುರುತು ಕಾಣುತ್ತೆ. ‘ಕೇಳದೆ’ ಅಂತ ಒಂದು ಪದ ಓದಬಹುದು. ಮಿಕ್ಕಿದ್ದು ಇಲ್ಲ. ಯಾರು ಯಾವಾಗ ಬರೆದದ್ದು ಅಂತ ಇದರಿಂದ ಹೇಳೋಕಾಗಲ್ಲ.”

ಹೊರಗಿನ ಮೆಟ್ಟಿಲ ಮೇಲೆ ಸಾಲಿನವರು ತೀರ್ಪಿಗೆ ಕಾದರು. ಪ್ರೊಫೆಸರರು ಒಂದು ಮೆಟ್ಟಿಲು ಕೆಳಗೆ ನಿಂತಿದ್ದರು. ಸಾಲಿನ ಹಿರಿಯನೊಬ್ಬ ಅವರಿಗೆ ಜಾಗ ಬಿಡಲು ಸರಿದ, ಆಮೇಲೆ ಯಾಕೋ ಮತ್ತೆ ಮೊದಲಿನ ಜಾಗಕ್ಕೆ ಬಂದ.

“ಹೂಂ ಅನ್ನಬಹುದಿತ್ತು ಮೇಷ್ಟ್ರೇ,” ಎಂದಳು ದರ್ಜಿ ಅಕ್ಕ, ಅವರ ಕಡೆ ನೋಡದೆ.

“ಸುಳ್ಳಾಗ್ತಿತ್ತು ಅಕ್ಕಾ.”

“ಗೊತ್ತು. ಅದಕ್ಕೇ ಬಹುದಿತ್ತು ಅಂದೆ.” ಆಕೆ ಸೆರಗಿನ ತುದಿಯ ಬಿಟ್ಟುಹೋದ ನೂಲನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು. “ನೀವು ಸುಳ್ಳು ಹೇಳಲ್ಲ ಅಂತ ಗೊತ್ತಿದ್ದಕ್ಕೇ ಅವತ್ತು ಫೋನಲ್ಲಿ ನಂಬಿದ್ದು. ಎರಡೂ ಕಡೆ ನನಗೇ ಕತ್ತರಿ.”

ನಾಲ್ಕು ಗಂಟೆಗೆ ಒಳಗೆ ಕರೆದರು.

ತಡಕ್ಕೆ ಸಾಕಷ್ಟು ಕಾರಣವಿಲ್ಲವೆಂದು ಅರ್ಜಿ ವಜಾ ಆಯಿತು. ಪ್ರೊಫೆಸರರ ರಾಜೀನಾಮೆ ಅದೇ ವಾರ ಅಂಗೀಕಾರವಾಯಿತು. ಮುಂದಿನ ತಿಂಗಳ ಎರಡನೆಯ ಬುಧವಾರ ಮತ್ತು ಗುರುವಾರ ಮೂವತ್ತೆಂಟು ಮನೆಗಳನ್ನೂ ಕೆಡವಲಾಯಿತು.